ಒಂದು ಸುಳ್ಳು ಪಿತೂರಿ, ಮೂರು ಚುನಾವಣೆಗಳು



ಪ್ರೌಢಶಾಲೆಯಲ್ಲಿ ಚರಿತ್ರೆ ಓದಿದವರಿಗೆಲ್ಲ ಒಂದು ಸಂಗತಿ ನೆನಪಿರುತ್ತದೆ. ಪೋರ್ಚುಗೀಸರ ಕೈಯಲ್ಲಿದ್ದ ಬೊಂಬಾಯಿ, ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್‌ನಿಗೆ ವರದಕ್ಷಿಣೆಯಾಗಿ ಬಂತು. ಅವನು ಅದನ್ನು 1668ರಲ್ಲಿ ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿದ. ಪರೀಕ್ಷೆಯಲ್ಲಿ ಒಂದೆರಡು ಅಂಕಕ್ಕೆ ಬರುವ ಪ್ರಶ್ನೆಯಿದು. ಆ ವರದಕ್ಷಿಣೆ ತಂದ ವಧು ಯಾರು, ಆಕೆಗೆ ಮುಂದೇನಾಯಿತು ಎಂದು ಮಕ್ಕಳು ಕೇಳುವುದಿಲ್ಲ, ಶಿಕ್ಷಕರಾದ ನಾವೂ ಹೇಳುವುದಿಲ್ಲ.

ಆಕೆಯ ಹೆಸರು ಕ್ಯಾಥರೀನ್. ಪೋರ್ಚುಗಲ್ಲಿನ ರಾಜಕುಮಾರಿ, ಕ್ಯಾಥೊಲಿಕ್ ಮತದವಳು. 1662ರಲ್ಲಿ ಮದುವೆಯಾಗಿ ಪ್ರಾಟೆಸ್ಟೆಂಟರ ದೇಶಕ್ಕೆ ಹೋದಳು. ಹದಿನಾರು ವರ್ಷ ಕಳೆದ ಮೇಲೆ, 1678ರ ನವೆಂಬರಿನಲ್ಲಿ, ಒಬ್ಬ ಮನುಷ್ಯ ಪಾರ್ಲಿಮೆಂಟಿನ ಕೆಳಮನೆಯ ಎದುರು ನಿಂತು ಆಕೆಯ ಮೇಲೆ ರಾಜದ್ರೋಹದ ಆರೋಪ ಹೊರಿಸಿದ. ಗಂಡನಿಗೆ ವಿಷ ಹಾಕಿಸುವ ಸಂಚಿಗೆ ರಾಣಿ ಒಪ್ಪಿದ್ದಾಳೆ ಎಂಬುದು ಅವನ ಮಾತು.

ಆ ಮಾತು ಸುಳ್ಳು. ಅದರ ಹಿಂದಿದ್ದ ಇಡೀ ಕಥೆಯೇ ಸುಳ್ಳು. ಆದರೂ ಆ ಸುಳ್ಳನ್ನು ನಂಬಿ ಒಂದು ದೇಶ ಮೂರು ವರ್ಷದೊಳಗೆ ಇಪ್ಪತ್ತಕ್ಕೂ ಹೆಚ್ಚು ನಿರಪರಾಧಿಗಳನ್ನು ಕೊಂದಿತು, ಎರಡು ವರ್ಷಗಳ ಅವಧಿಯಲ್ಲಿ ಮೂರು ಸಾರ್ವತ್ರಿಕ ಚುನಾವಣೆಗಳನ್ನು ಕಂಡಿತು, ಒಬ್ಬರ ಮುಖ ಒಬ್ಬರು ನೋಡದ ಎರಡು ಪಕ್ಷಗಳಾಗಿ ಒಡೆಯಿತು. ಚುನಾವಣೆ ಬಂದಾಗ ಹಬ್ಬುವ ಗಾಳಿಸುದ್ದಿಗಳಿಗೆಲ್ಲ ಮೊಬೈಲ್ ಫೋನೇ ಕಾರಣ ಎಂದು ನಾವು ಈಗ ಸುಲಭವಾಗಿ ಹೇಳಿಬಿಡುತ್ತೇವೆ. ಮೊಬೈಲು, ಟಿ.ವಿ., ರೇಡಿಯೋ ಒಂದೂ ಇಲ್ಲದ ಕಾಲದ ಘಟನೆಯಿದು. ಆದ್ದರಿಂದಲೇ ಇದನ್ನು ಸ್ವಲ್ಪ ವಿವರವಾಗಿ ನಿಮ್ಮ ಮುಂದಿಡುತ್ತಿದ್ದೇನೆ.

ಆಗ ಇಂಗ್ಲೆಂಡಿನಲ್ಲಿ ಕ್ಯಾಥೊಲಿಕರು ನೂರಕ್ಕೆ ಒಬ್ಬರೋ ಇಬ್ಬರೋ ಇದ್ದರು. ಅಷ್ಟು ಸಣ್ಣ ಸಮುದಾಯದ ಬಗ್ಗೆ ಅಷ್ಟು ದೊಡ್ಡ ಭಯ ಏಕೆ? ಭಯಕ್ಕೆ ಹಳೆಯ ಬೇರುಗಳಿದ್ದವು ಎಂಬುದನ್ನು ಒಪ್ಪಿಕೊಳ್ಳಬೇಕು. ಹದಿನಾರನೆಯ ಶತಮಾನದ ನಡುವೆ ಐದು ವರ್ಷ ಆಳಿದ ಕ್ಯಾಥೊಲಿಕ್ ರಾಣಿ ಮೇರಿಯ ಕಾಲದಲ್ಲಿ ಮುನ್ನೂರರ ಹತ್ತಿರ ಪ್ರಾಟೆಸ್ಟೆಂಟರನ್ನು ಜೀವಂತ ಸುಟ್ಟಿದ್ದರು. 1605ರಲ್ಲಿ ಕೆಲವು ಕ್ಯಾಥೊಲಿಕರು ಪಾರ್ಲಿಮೆಂಟ್ ಭವನದ ಕೆಳಗೆ ಮದ್ದಿನ ಪೀಪಾಯಿಗಳನ್ನಿಟ್ಟು ಸಿಕ್ಕಿಬಿದ್ದಿದ್ದರು. ಅದು ನಿಜವಾದ ಪಿತೂರಿಯೇ. ಆದರೆ ಕೆಲವರು ಮಾಡಿದ್ದನ್ನು ಎಲ್ಲರ ಲೆಕ್ಕಕ್ಕೆ ಬರೆದುಕೊಂಡ ಜನ, ಆಮೇಲೆ ನಡೆದ ಪ್ರತಿ ಅನಾಹುತಕ್ಕೂ ಅದೇ ಲೆಕ್ಕದ ಪುಸ್ತಕ ತೆಗೆದರು.

1666ರಲ್ಲಿ ಲಂಡನ್ ನಗರ ಬೆಂಕಿಗೆ ಆಹುತಿಯಾಯಿತು. ಅದು ಒಂದು ಬೇಕರಿಯಲ್ಲಿ ಹೊತ್ತಿದ ಬೆಂಕಿ. ಜನ ಕ್ಯಾಥೊಲಿಕರೇ ಹಚ್ಚಿದರೆಂದರು. ರಾಬರ್ಟ್ ಹ್ಯೂಬರ್ಟ್ ಎಂಬ ಫ್ರೆಂಚ್ ಯುವಕ, ಬುದ್ಧಿ ಸ್ಥಿಮಿತವಿಲ್ಲದವನು, ತಾನೇ ಹಚ್ಚಿದೆನೆಂದು ಒಪ್ಪಿಕೊಂಡ. ಅವನನ್ನು ಗಲ್ಲಿಗೇರಿಸಿದರು. ಬೆಂಕಿ ಹೊತ್ತಿ ಎರಡು ದಿನವಾದ ಮೇಲೆ ಅವನು ಲಂಡನ್ನಿಗೆ ಬಂದು ಇಳಿದನೆಂದು ಅವನನ್ನು ಕರೆತಂದ ಹಡಗಿನ ಕಪ್ತಾನ ನಂತರ ಹೇಳಿದ. ಆ ಹೇಳಿಕೆ ಜನರ ನಂಬಿಕೆಯನ್ನು ಒಂದಿಷ್ಟೂ ಅಲುಗಿಸಲಿಲ್ಲ.

ರಾಜಕೀಯವಾಗಿ ಪರಿಸ್ಥಿತಿ ಇನ್ನೂ ಸೂಕ್ಷ್ಮವಾಗಿತ್ತು. ಚಾರ್ಲ್ಸ್‌ನಿಗೆ ರಾಣಿಯಿಂದ ಮಕ್ಕಳಿರಲಿಲ್ಲ. ಅವನ ನಂತರ ಪಟ್ಟಕ್ಕೆ ಬರಬೇಕಾದವನು ತಮ್ಮ ಜೇಮ್ಸ್. ಸರ್ಕಾರಿ ಹುದ್ದೆಯಲ್ಲಿರುವವರು ಪ್ರಾಟೆಸ್ಟೆಂಟ್ ಪ್ರಮಾಣ ಸ್ವೀಕರಿಸಬೇಕೆಂದು 1673ರಲ್ಲಿ ಕಾಯಿದೆ ಬಂದಾಗ ಜೇಮ್ಸ್ ನೌಕಾಪಡೆಯ ಮುಖ್ಯಸ್ಥನ ಸ್ಥಾನ ಬಿಟ್ಟುಕೊಟ್ಟ. ಅವನು ಕ್ಯಾಥೊಲಿಕನಾಗಿದ್ದಾನೆಂಬುದು ಊರಿಗೆಲ್ಲ ತಿಳಿಯಿತು. ಮುಂದಿನ ರಾಜ ಕ್ಯಾಥೊಲಿಕ್! ನೆರೆಯಲ್ಲಿ ಬಲಾಢ್ಯ ಕ್ಯಾಥೊಲಿಕ್ ದೊರೆ ಹದಿನಾಲ್ಕನೇ ಲೂಯಿ. ಜನ ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ.

ಇಲ್ಲಿ ಒಂದು ವಿಚಿತ್ರವನ್ನು ಹೇಳಲೇಬೇಕು. ಗುಟ್ಟಿನ ಸಂಚು ಒಂದು ನಿಜವಾಗಿಯೂ ಇತ್ತು. 1670ರಲ್ಲಿ ಡೋವರ್ ಎಂಬಲ್ಲಿ ಆದ ರಹಸ್ಯ ಒಪ್ಪಂದದಲ್ಲಿ, ತಾನು ಕ್ಯಾಥೊಲಿಕನಾಗುವುದಾಗಿಯೂ ಅದಕ್ಕೆ ಪ್ರತಿಯಾಗಿ ಹಣ ಕೊಡಬೇಕೆಂದೂ ಚಾರ್ಲ್ಸ್ ದೊರೆಯೇ ಲೂಯಿಗೆ ಮಾತು ಕೊಟ್ಟಿದ್ದ. ಮಂತ್ರಿಗಳಲ್ಲಿ ಬೆರಳೆಣಿಕೆಯವರಿಗೆ ಮಾತ್ರ ಇದು ಗೊತ್ತು. ಉಳಿದ ಮಂತ್ರಿಗಳಿಗಾಗಿ ಮತದ ಮಾತಿಲ್ಲದ ಇನ್ನೊಂದು ನಕಲಿ ಒಪ್ಪಂದ ತಯಾರಿಸಿ ಸಹಿ ಹಾಕಿಸಿದರು. ಹಾಗೆ ಮೋಸಹೋಗಿ ಸಹಿ ಹಾಕಿದವರಲ್ಲಿ ಒಬ್ಬನೇ, ಮುಂದೆ ಪೋಪರ ಪಿತೂರಿಯ ಭಯವನ್ನು ಬಂಡವಾಳ ಮಾಡಿಕೊಂಡ ಶಾಫ್ಟ್ಸ್‌ಬರಿ ಎಂಬ ಶ್ರೀಮಂತ. ಇದ್ದ ಸಂಚು ಅರಮನೆಯ ಪೆಟ್ಟಿಗೆಯಲ್ಲಿತ್ತು. ಜನ ಹುಡುಕಿದ್ದು ಬಡ ಪಾದ್ರಿಗಳ ಹಾಸಿಗೆಯ ಕೆಳಗೆ.

ಈಗ ಕಥಾನಾಯಕನ ವಿಷಯ. ಟೈಟಸ್ ಓಟ್ಸ್ 1649ರಲ್ಲಿ ಹುಟ್ಟಿದವನು. ಶಾಲೆಯಿಂದ ಹೊರಹಾಕಿಸಿಕೊಂಡ, ಕೇಂಬ್ರಿಜ್ಜಿನಿಂದ ಪದವಿಯಿಲ್ಲದೆ ಹೊರಬಂದ. ಹೇಗೋ ಪಾದ್ರಿಯಾದ. ಹೇಸ್ಟಿಂಗ್ಸ್ ಎಂಬ ಊರಿನಲ್ಲಿ ಒಬ್ಬ ಶಾಲಾ ಶಿಕ್ಷಕನ ಮೇಲೆ ಹೊಲಸು ಆರೋಪ ಹೊರಿಸಿ, ಅದು ಸುಳ್ಳೆಂದಾದಾಗ ಸುಳ್ಳುಸಾಕ್ಷಿಯ ಮೊಕದ್ದಮೆಗೆ ಸಿಕ್ಕಿ ತಲೆಮರೆಸಿಕೊಂಡ. (ಶಿಕ್ಷಕನ ಕೆಲಸದ ಮೇಲೆ ಅವನಿಗೆ ಕಣ್ಣಿತ್ತೆಂದು ಹೇಳುತ್ತಾರೆ. ಸುಳ್ಳಿನ ಬುಡದಲ್ಲಿ ಇಂಥ ಸಣ್ಣ ಲಾಭ ಎಷ್ಟೋ ಸಲ ಇರುತ್ತದೆ.) 1677ರಲ್ಲಿ ಕ್ಯಾಥೊಲಿಕ್ ಮತಕ್ಕೆ ಸೇರಿ ಸ್ಪೇನಿನ ಜೆಸ್ಯೂಟ್ ಕಾಲೇಜಿಗೆ ಹೋದ. ಅಲ್ಲಿಂದಲೂ ಹೊರದಬ್ಬಿದರು. ಆಮೇಲೆ ಫ್ರಾನ್ಸಿನ ಸಂತೊಮೇರ್‌ನಲ್ಲಿದ್ದ ಇಂಗ್ಲಿಷ್ ಹುಡುಗರ ಶಾಲೆಯಲ್ಲಿ, ಇಪ್ಪತ್ತೆಂಟರ ವಯಸ್ಸಿನಲ್ಲಿ, ಮಕ್ಕಳ ಜೊತೆ ಕುಳಿತ. 1678ರ ಜೂನಿನಲ್ಲಿ ಅಲ್ಲಿಂದಲೂ ಉಚ್ಚಾಟನೆ. ಲಂಡನ್ನಿಗೆ ಬಂದವನೇ ತಾನು ಸಲಮಾಂಕಾ ವಿಶ್ವವಿದ್ಯಾಲಯದ ಡಾಕ್ಟರ್ ಎಂದು ಹೇಳಿಕೊಂಡ.

ಅವನಿಗೆ ಜೊತೆ ಸಿಕ್ಕವನು ಇಸ್ರೇಲ್ ಟಾಂಗ್ ಎಂಬ ವೃದ್ಧ ಪಾದ್ರಿ. 1666ರ ಬೆಂಕಿಯಲ್ಲಿ ಟಾಂಗನ ಚರ್ಚು ಸುಟ್ಟುಹೋಗಿತ್ತು. ಅದು ಜೆಸ್ಯೂಟರದೇ ಕೆಲಸವೆಂದು ಅವನು ಮನಸಾರೆ ನಂಬಿದ್ದ. ಒಬ್ಬ ಸುಳ್ಳು ಹೇಳಬಲ್ಲವನು, ಇನ್ನೊಬ್ಬ ನಂಬಬಲ್ಲವನು. ಇಬ್ಬರೂ ಸೇರಿ ನಲವತ್ಮೂರು ಕಲಮುಗಳ ದೂರು ಬರೆದರು. ಜೆಸ್ಯೂಟರು ದೊರೆಯನ್ನು ಕೊಂದು, ಜೇಮ್ಸ್‌ನನ್ನು ಪಟ್ಟಕ್ಕೇರಿಸಿ, ದೇಶವನ್ನು ಪೋಪರ ಕೈಗೆ ಕೊಡಲಿದ್ದಾರೆ; ಇದು ಏಪ್ರಿಲ್ 24ರಂದು ಲಂಡನ್ನಿನ ಒಂದು ಪಾನಗೃಹದಲ್ಲಿ ನಡೆದ ಸಭೆಯಲ್ಲಿ ತೀರ್ಮಾನವಾಯಿತು; ಅಲ್ಲಿ ನಾನೇ ಇದ್ದೆ ಎಂದು ಓಟ್ಸ್ ಹೇಳಿದ. ಸೆಪ್ಟೆಂಬರ್ ಹೊತ್ತಿಗೆ ನಲವತ್ಮೂರು ಕಲಮುಗಳು ಎಂಬತ್ತೊಂದಾಗಿದ್ದವು.

ಚಾರ್ಲ್ಸ್ ದೊರೆ ಅವನನ್ನು ಖುದ್ದು ಪ್ರಶ್ನಿಸಿದ. ಸ್ಪೇನಿನ ರಾಜಮನೆತನದ ಡಾನ್ ಜಾನ್‌ನನ್ನು ಕಂಡಿದ್ದೇನೆ ಎಂದೆಯಲ್ಲ, ಅವನು ನೋಡಲು ಹೇಗಿದ್ದಾನೆ? ಎತ್ತರವಾಗಿ, ತೆಳ್ಳಗೆ ಇದ್ದಾನೆ ಎಂದ ಓಟ್ಸ್. ಡಾನ್ ಜಾನ್‌ನನ್ನು ದೊರೆ ಸ್ವತಃ ನೋಡಿದ್ದ; ಅವನು ಹಾಗಿರಲಿಲ್ಲ. ಪ್ಯಾರಿಸಿನ ಜೆಸ್ಯೂಟರ ಮನೆ ಎಲ್ಲಿದೆ ಎಂದಾಗಲೂ ತಪ್ಪು ಉತ್ತರ. ದೊರೆಗೆ ಇವನು ಸುಳ್ಳುಗಾರನೆಂದು ಅಂದೇ ತಿಳಿಯಿತು.

ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ, ಎರಡು ಕಾರಣಗಳಿಂದ. ಓಟ್ಸ್ ಹೆಸರಿಸಿದವರಲ್ಲಿ ಎಡ್ವರ್ಡ್ ಕೋಲ್‌ಮನ್ ಎಂಬ ಕ್ಯಾಥೊಲಿಕ್ ಕಾರ್ಯದರ್ಶಿ ಇದ್ದ. ಅವನ ಮನೆ ಜಾಲಾಡಿದಾಗ ಫ್ರೆಂಚ್ ದೊರೆಯ ಪಾದ್ರಿಗೆ ಅವನು ಬರೆದ ಪತ್ರಗಳು ಸಿಕ್ಕವು. ಇಂಗ್ಲೆಂಡನ್ನು ಕ್ಯಾಥೊಲಿಕ್ ಮಾಡುವ ಹಗಲುಗನಸಿನ ಪತ್ರಗಳವು. ಕೊಲೆಯ ಮಾತು ಒಂದೂ ಇರಲಿಲ್ಲ. ಆದರೆ ಸುಳ್ಳಿನ ರಾಶಿಯಲ್ಲಿ ಒಂದು ಕಾಳು ನಿಜ ಸಿಕ್ಕಿತು. ಎರಡನೆಯದು, ಓಟ್ಸ್‌ನ ಪ್ರಮಾಣಪತ್ರ ಪಡೆದಿದ್ದ ನ್ಯಾಯಾಧಿಕಾರಿ ಎಡ್ಮಂಡ್ ಬೆರಿ ಗಾಡ್‌ಫ್ರಿ ಅಕ್ಟೋಬರ್ 12ರಂದು ಮನೆಯಿಂದ ಹೋದವನು ಮರಳಲಿಲ್ಲ. ಐದು ದಿನದ ನಂತರ ಪ್ರಿಮ್‌ರೋಸ್ ಗುಡ್ಡದಲ್ಲಿ ಅವನ ಹೆಣ ಸಿಕ್ಕಿತು. ಕುತ್ತಿಗೆ ಹಿಸುಕಿದ ಗುರುತಿತ್ತು, ಅವನದೇ ಕತ್ತಿ ದೇಹಕ್ಕೆ ಹೊಕ್ಕಿತ್ತು. ಕೊಂದವರು ಯಾರೆಂದು ಇಂದಿಗೂ ಇತ್ಯರ್ಥವಾಗಿಲ್ಲ. ಲಂಡನ್ನಿನ ಜನಕ್ಕೆ ಮಾತ್ರ ಅಂದೇ ಇತ್ಯರ್ಥವಾಯಿತು.

ಆಮೇಲಿನ ದಿನಗಳನ್ನು ಊಹಿಸಿಕೊಳ್ಳಿ. ಬೀದಿಗಳಿಗೆ ಅಡ್ಡ ಸರಪಳಿ ಬಿಗಿದರು. ಗಾಡ್‌ಫ್ರಿಯ ಹೆಸರು ಕೆತ್ತಿದ ಚೂರಿಗಳು ಅಂಗಡಿಯಲ್ಲಿ ಮಾರಾಟಕ್ಕೆ ಬಂದವು. ಕ್ಯಾಥೊಲಿಕರು ಲಂಡನ್ನಿನಿಂದ ಹತ್ತು ಮೈಲಿ ದೂರ ಹೋಗಬೇಕೆಂದು ಆಜ್ಞೆಯಾಯಿತು. ಫ್ರೆಂಚರ ಸೈನ್ಯ ದಕ್ಷಿಣದ ಪರ್ಬೆಕ್ ತೀರದಲ್ಲಿ ಇಳಿಯಿತೆಂಬ ಸುದ್ದಿ ಹಬ್ಬಿ, ಜನ ಆಯುಧ ಹಿಡಿದು ಓಡಿದರು. ಅಲ್ಲಿ ಯಾರೂ ಇಳಿದಿರಲಿಲ್ಲ. ಕ್ಯಾಥೊಲಿಕರು ಪಾರ್ಲಿಮೆಂಟಿನ ಎರಡೂ ಸದನಗಳಲ್ಲಿ ಕೂರದಂತೆ ಅದೇ ವರ್ಷ ಕಾಯಿದೆಯಾಯಿತು. ಓಟ್ಸ್‌ನಿಗೆ ಅರಮನೆಯಲ್ಲಿ ವಸತಿ, ಸರ್ಕಾರದ ಸಂಬಳ, ಮೈಗಾವಲು ಸಿಕ್ಕಿತು.

ನ್ಯಾಯಾಲಯದಲ್ಲಿ ನಡೆದುದನ್ನು ಓದುವಾಗ ನನ್ನನ್ನು ಹೆಚ್ಚು ಕಾಡುವುದು ಒಂದು ದೃಶ್ಯ. 1679ರ ಜೂನಿನಲ್ಲಿ ಐವರು ಜೆಸ್ಯೂಟರ ವಿಚಾರಣೆ. ಓಟ್ಸ್ ಏಪ್ರಿಲ್ 24ರಂದು ಲಂಡನ್ನಿನಲ್ಲಿರಲೇ ಇಲ್ಲ, ನಮ್ಮ ಜೊತೆ ಶಾಲೆಯಲ್ಲಿದ್ದ ಎಂದು ಸಾಕ್ಷಿ ಹೇಳಲು ಸಂತೊಮೇರ್‌ನ ವಿದ್ಯಾರ್ಥಿಗಳು ಸಮುದ್ರ ದಾಟಿ ಬಂದರು. ಹದಿಹರೆಯದ ಹುಡುಗರು. ಒಬ್ಬರಾದ ಮೇಲೊಬ್ಬರು ಒಂದೇ ಮಾತು ಹೇಳಿದರು. ಮುಖ್ಯ ನ್ಯಾಯಮೂರ್ತಿ ಸ್ಕ್ರಾಗ್ಸ್ ಅವರ ಮಾತಿಗೆ ಬೆಲೆ ಕೊಡಲಿಲ್ಲ. ಕಾರಣವೇನು? ಇವರು ಕ್ಯಾಥೊಲಿಕರು, ತಮ್ಮ ಮತದ ಹಿತಕ್ಕಾಗಿ ಸುಳ್ಳು ಹೇಳುವುದು ಇವರಿಗೆ ಪಾಪವಲ್ಲ ಎಂಬ ತಿಳಿವಳಿಕೆ. ಕ್ಯಾಥೊಲಿಕರ ವಿರುದ್ಧದ ಆರೋಪಕ್ಕೆ ಉತ್ತರ ಗೊತ್ತಿರುವವರು ಕ್ಯಾಥೊಲಿಕರೇ. ಕ್ಯಾಥೊಲಿಕರು ಹೇಳಿದ್ದು ಸಾಕ್ಷ್ಯವೇ ಅಲ್ಲ! ಇನ್ನು ಬಾಗಿಲು ಎಲ್ಲಿದೆ? ಏಪ್ರಿಲ್ 24ರಂದು ಜೆಸ್ಯೂಟರ ಸಭೆಯೊಂದು ನಡೆದದ್ದೇನೋ ನಿಜ. ಮೂರು ವರ್ಷಕ್ಕೊಮ್ಮೆ ನಡೆಯುವ ಆಡಳಿತದ ಸಭೆ. ಅದು ನಡೆದದ್ದು ಪಾನಗೃಹದಲ್ಲಲ್ಲ, ಜೇಮ್ಸ್‌ನ ನಿವಾಸದಲ್ಲೇ. ಸತ್ಯ ಹೇಳಿದರೆ ಜೇಮ್ಸ್ ಸಿಕ್ಕಿಬೀಳುತ್ತಾನೆ. ಐವರೂ ಆ ಮಾತು ಎತ್ತಲಿಲ್ಲ. ಜೂನ್ 20ರಂದು ಐವರನ್ನೂ ಗಲ್ಲಿಗೇರಿಸಿದರು. ಸಾಯುವ ಗಳಿಗೆಯಲ್ಲೂ ತಾವು ನಿರಪರಾಧಿಗಳೆಂದೇ ಅವರು ಹೇಳಿದ್ದು ಕೆಲವರ ಮನಸ್ಸಿನಲ್ಲಿ ಸಂಶಯದ ಬೀಜ ಬಿತ್ತಿತು.

ಇನ್ನು ಚುನಾವಣೆಗಳ ವಿಚಾರ. 1661ರಿಂದ ಹದಿನೆಂಟು ವರ್ಷ ಒಂದೇ ಪಾರ್ಲಿಮೆಂಟ್ ನಡೆದಿತ್ತು. 1679ರ ಜನವರಿಯಲ್ಲಿ ಅದನ್ನು ವಿಸರ್ಜಿಸಿದರು. ಮತದಾನದ ಹಕ್ಕು ಎಲ್ಲರಿಗೂ ಇರಲಿಲ್ಲ. ಹಳ್ಳಿಗಾಡಿನ ಕ್ಷೇತ್ರಗಳಲ್ಲಿ ವರ್ಷಕ್ಕೆ ನಲವತ್ತು ಷಿಲಿಂಗ್ ಉತ್ಪತ್ತಿಯ ಸ್ವಂತ ಜಮೀನಿದ್ದ ಗಂಡಸರಿಗೆ ಮತ. ಗುಪ್ತ ಮತದಾನವೂ ಇಲ್ಲ, ಅದು ಬಂದದ್ದು 1872ರಲ್ಲಿ. ಎಲ್ಲರ ಎದುರು ಹೆಸರು ಹೇಳಿ ಮತ ಹಾಕಬೇಕು. ಅಲ್ಲಿಯವರೆಗೆ ಬಹಳಷ್ಟು ಕಡೆ ಊರ ದೊಡ್ಡವರು ಮಾತಾಡಿಕೊಂಡು ಸದಸ್ಯರನ್ನು ಅವಿರೋಧವಾಗಿ ಕಳಿಸುತ್ತಿದ್ದರು. ಈಗ ಕ್ಷೇತ್ರ ಕ್ಷೇತ್ರದಲ್ಲೂ ಪೈಪೋಟಿ. ಕ್ಯಾಥೊಲಿಕ್ ಜೇಮ್ಸ್‌ನಿಗೆ ಪಟ್ಟ ತಪ್ಪಿಸಬೇಕೋ ಬೇಡವೋ ಎಂಬುದೇ ಪ್ರಶ್ನೆಯಾಯಿತು.

ಶಾಫ್ಟ್ಸ್‌ಬರಿ ಗೆದ್ದು ಬಂದವರ ಪಟ್ಟಿ ಮಾಡಿ ಪ್ರತಿ ಹೆಸರಿನ ಎದುರು ಗುರುತು ಹಾಕಿದ. ತನ್ನ ಕಡೆಯವರು ‘ಯೋಗ್ಯರು’, ‘ಪ್ರಾಮಾಣಿಕರು’. ಎದುರಿನವರು ‘ನೀಚರು’, ‘ಅಧಮರು’. ಐದರಲ್ಲಿ ಮೂರು ಪಾಲು ತನ್ನವರೆಂದು ಅವನ ಲೆಕ್ಕ. ಸಂಶಯದವರಿಗೂ ಪಟ್ಟಿಯಲ್ಲಿ ಸ್ವಲ್ಪ ಜಾಗವಿತ್ತು. ಅದು ದಿನೇ ದಿನೇ ಕಿರಿದಾಯಿತು. ಜೇಮ್ಸ್‌ನನ್ನು ಹೊರಗಿಡುವ ಮಸೂದೆ ಮೇ ತಿಂಗಳಲ್ಲಿ ಕೆಳಮನೆಯ ಎರಡನೇ ವಾಚನದಲ್ಲಿ 207–128 ಮತಗಳಿಂದ ಗೆದ್ದಿತು. ದೊರೆ ಪಾರ್ಲಿಮೆಂಟನ್ನೇ ವಿಸರ್ಜಿಸಿದ. ಮತ್ತೆ ಚುನಾವಣೆ. 1680ರ ನವೆಂಬರಿನಲ್ಲಿ ಕೆಳಮನೆ ಒಪ್ಪಿದ ಮಸೂದೆಯನ್ನು ಮೇಲ್ಮನೆ 63–30ರಿಂದ ತಿರಸ್ಕರಿಸಿತು. ಮತ್ತೆ ವಿಸರ್ಜನೆ, 1681ರಲ್ಲಿ ಮೂರನೇ ಚುನಾವಣೆ. ಆ ಪಾರ್ಲಿಮೆಂಟ್ ಆಕ್ಸ್‌ಫರ್ಡಿನಲ್ಲಿ ಸೇರಿ ಒಂದೇ ವಾರ ನಡೆಯಿತು. ಸದಸ್ಯರು ಆಯುಧ ಹಿಡಿದ ಬೆಂಬಲಿಗರೊಡನೆ ಬಂದರು, ದೊರೆ ಕಾವಲುಪಡೆಯೊಡನೆ ಬಂದ.

1679ರಲ್ಲಿ ಮುದ್ರಣದ ಮೇಲಿದ್ದ ಪರವಾನಗಿ ಕಾಯಿದೆಯ ಅವಧಿ ಮುಗಿದಿತ್ತು. ಕರಪತ್ರಗಳು, ಪತ್ರಿಕೆಗಳು ಅಣಬೆಗಳಂತೆ ಎದ್ದವು. ಅವನ್ನು ಓದಿ ಚರ್ಚಿಸುವ ಜಾಗ ಕಾಫಿಮನೆ. (ನಮ್ಮ ಬಾಬಾ ಬುಡನ್ ಯೆಮನ್‌ನಿಂದ ಕಾಫಿ ಬೀಜ ತಂದರೆಂದು ಹೇಳುವ ಶತಮಾನವೂ ಅದೇ.) ಕಾಫಿಮನೆಗಳಲ್ಲಿ ಎಲ್ಲ ಮತದವರೂ ಒಂದೇ ಮೇಜಿಗೆ ಕುಳಿತು ವಾದಿಸಿದ್ದರೆ ಸುಳ್ಳಿನ ಆಯುಷ್ಯ ಕಡಿಮೆಯಾಗುತ್ತಿತ್ತೋ ಏನೋ. ಆದದ್ದು ಹಾಗಲ್ಲ. ಒಂದು ಪಕ್ಷದವರ ಕಾಫಿಮನೆ ಬೇರೆ, ಇನ್ನೊಂದು ಪಕ್ಷದವರದು ಬೇರೆ. ನವೆಂಬರ್ 17ರ ಮೆರವಣಿಗೆಯಲ್ಲಿ ಪೋಪರ ಪ್ರತಿಕೃತಿ ಸುಡುವವರು ಒಂದು ಗುಂಪು, ಅದನ್ನು ಅಸಹ್ಯಪಡುವವರು ಇನ್ನೊಂದು. ಪಕ್ಷಗಳಿಗೆ ಹೆಸರು ಬಂದದ್ದೂ ಬೈಗುಳದಿಂದಲೇ. ಸ್ಕಾಟ್ಲೆಂಡಿನ ಬಂಡುಕೋರರಿಗೆ ಇದ್ದ ಹೆಸರು ‘ವ್ಹಿಗ್’. ಐರ್ಲೆಂಡಿನ ಕ್ಯಾಥೊಲಿಕ್ ದರೋಡೆಕೋರರಿಗೆ ಇದ್ದ ಹೆಸರು ‘ಟೋರಿ’. ಅವರು ಇವರನ್ನು ಹಾಗೆ ಬೈದರು, ಇವರು ಅವರನ್ನು ಹೀಗೆ. ಮುಂದೆ ಎರಡೂ ಗೌರವದ ಹೆಸರುಗಳಾಗಿ ನಮ್ಮ ಪಾಠಪುಸ್ತಕಕ್ಕೆ ಬಂದವು.

ಇಷ್ಟನ್ನು ಒಂದು ದಿನ ಬಿಡುವಿನ ಪೀರಿಯಡ್‌ನಲ್ಲಿ ಹತ್ತನೇ ತರಗತಿಯ ಮಕ್ಕಳಿಗೆ ಹೇಳಿದ್ದೆ. ಮುಚ್ಚುಮರೆ ಏಕೆ, ಕ್ಯಾಥೊಲಿಕರ ಜಾಗದಲ್ಲಿ ನಮ್ಮನ್ನಿಟ್ಟುಕೊಂಡೇ ಹೇಳಿದ್ದೆ. ಮಕ್ಕಳೂ ಹಾಗೆಯೇ ಕೇಳಿದರು. ಮುಂದುವರಿದು ‘ಹಿಟ್ಟಿನ ಡಬ್ಬಿಯ ಪಿತೂರಿ’ಯನ್ನು ನಗೆಚಟಾಕಿಯಂತೆ ಹೇಳಿದೆ. 1679ರ ಕೊನೆಯಲ್ಲಿ ಡೇಂಜರ್‌ಫೀಲ್ಡ್ ಎಂಬ ಜೈಲುಹಕ್ಕಿ, ವಿರೋಧ ಪಕ್ಷದವರು ದೊರೆಯ ವಿರುದ್ಧ ದಂಗೆ ಏಳಲಿದ್ದಾರೆಂಬ ಖೊಟ್ಟಿ ಕಾಗದಗಳನ್ನು ಒಬ್ಬನ ಕೋಣೆಯಲ್ಲಿ ಬಚ್ಚಿಟ್ಟ. ಮೋಸ ಬಯಲಾಯಿತು. ಹುಡುಕಿದಾಗ ಉಳಿದ ಕಾಗದಗಳು ಎಲಿಜಬೆತ್ ಸೆಲ್ಲಿಯರ್ ಎಂಬ ಸೂಲಗಿತ್ತಿಯ ಮನೆಯ ಹಿಟ್ಟಿನ ಡಬ್ಬಿಯ ತಳದಲ್ಲಿ ಸಿಕ್ಕವು. ಡೇಂಜರ್‌ಫೀಲ್ಡ್ ತಕ್ಷಣ ಪಕ್ಷ ಬದಲಿಸಿ, ಇದನ್ನೆಲ್ಲ ತನ್ನಿಂದ ಮಾಡಿಸಿದ್ದು ಅವರೇ ಎಂದ.

ಹಿಂದಿನ ಬೆಂಚಿನ ಒಬ್ಬ ಹುಡುಗಿ ಕೈ ಎತ್ತಿದಳು. “ಸರ್, ಆ ಸೂಲಗಿತ್ತಿ ಯಾವ ಕಡೆಯವಳು?” ಕ್ಯಾಥೊಲಿಕಳು ಎಂದೆ. “ಅಂದ್ರೆ ಅವರೂ ಸುಳ್ಳು ಪಿತೂರಿ ಮಾಡಿದ್ರಾ ಸರ್?” ತರಗತಿ ನನ್ನ ಮುಖ ನೋಡಿತು. ಸೆಲ್ಲಿಯರ್‌ಳ ಅಪರಾಧ ಸಾಬೀತಾಗಲಿಲ್ಲ, ಡೇಂಜರ್‌ಫೀಲ್ಡ್‌ನ ಮಾತು ನಂಬಲರ್ಹವಲ್ಲವೆಂದು ಆಕೆಯನ್ನು ಬಿಟ್ಟರು ಎಂದು ಹೇಳಿದೆ. ಅದು ನಿಜವೇ. ಆದರೆ ಹುಡುಗಿಯ ಪ್ರಶ್ನೆಗೆ ಅದು ಪೂರ್ತಿ ಉತ್ತರವಲ್ಲ ಎಂಬುದು ಅವಳಿಗೂ ತಿಳಿಯಿತು, ನನಗೂ ತಿಳಿಯಿತು. ಆ ಕಾಗದಗಳು ನಿಜವಾಗಲಿ ಎಂದು ಹಾರೈಸಿದ ಕ್ಯಾಥೊಲಿಕರು ಖಂಡಿತ ಇದ್ದರು. ಸುಳ್ಳಿನಿಂದ ಬೆಂದವರಿಗೂ ತಮಗೆ ಅನುಕೂಲವಾದ ಸುಳ್ಳು ಸುಳ್ಳಿನಂತೆ ಕಾಣುವುದಿಲ್ಲ. ಮನೆಗೆ ಹೋಗಿ ಉಳಿದ ಭಾಗವನ್ನು ಮತ್ತೆ ಓದಿದೆ. ಈ ಲೇಖನ ಹುಟ್ಟಿದ್ದು ಆ ರಾತ್ರಿ.

ಉಳಿದ ಭಾಗ ಹೀಗಿದೆ. 1680ರ ಡಿಸೆಂಬರಿನಲ್ಲಿ ಕ್ಯಾಥೊಲಿಕ್ ಶ್ರೀಮಂತ ಸ್ಟಾಫರ್ಡ್‌ನ ವಿಚಾರಣೆ ಮೇಲ್ಮನೆಯಲ್ಲಿ ನಡೆಯಿತು. ಮುಪ್ಪಿನ ಮನುಷ್ಯ. ಅವನ ವಿರುದ್ಧ ಮುಖ್ಯ ಸಾಕ್ಷಿಗಳು ಓಟ್ಸ್, ಡಗ್‌ಡೇಲ್, ಟರ್ಬರ್‌ವಿಲ್. 55–31 ಮತಗಳಿಂದ ಅವನು ಅಪರಾಧಿಯೆಂದಾಯಿತು. ಡಿಸೆಂಬರ್ 29ರಂದು ತಲೆ ಕಡಿದರು. ವ್ಹಿಗ್ಗರು ಈ ಮೂವರು ಸಾಕ್ಷಿಗಳನ್ನು ರಾಷ್ಟ್ರರಕ್ಷಕರೆಂದರು. ಟೋರಿಗಳು ಬಾಡಿಗೆಯ ಸುಳ್ಳುಗಾರರೆಂದರು.

ಎಂಟು ತಿಂಗಳ ನಂತರ, 1681ರ ಆಗಸ್ಟ್. ಗಾಳಿ ತಿರುಗಿತ್ತು. ಕ್ಯಾಥೊಲಿಕರ ವಿರುದ್ಧ ಜೋರಾಗಿ ಕೂಗಾಡುತ್ತಿದ್ದ ಸ್ಟೀಫನ್ ಕಾಲೆಜ್ ಎಂಬ ಲಂಡನ್ನಿನ ಬಡಗಿಯ ಮೇಲೆ ದೊರೆಯನ್ನು ಹಿಡಿಯಲು ಸಂಚು ಮಾಡಿದನೆಂಬ ಮೊಕದ್ದಮೆ. ಅವನು ಕಟ್ಟಾ ವ್ಹಿಗ್. ಅವನ ವಿರುದ್ಧ ಸಾಕ್ಷಿ ಹೇಳಲು ಬಂದವರು ಯಾರು? ಅದೇ ಡಗ್‌ಡೇಲ್, ಅದೇ ಟರ್ಬರ್‌ವಿಲ್! ಸಾಕ್ಷಿ ಹೇಳುವವರ ಹೊಟ್ಟೆಪಾಡು ಹೊಸ ಯಜಮಾನನ ಕಡೆಗೆ ತಿರುಗಿತ್ತು. ಕಾಲೆಜ್‌ನ ಪರವಾಗಿ ನಿಂತು, ಇವರಿಬ್ಬರ ಮಾತು ಸುಳ್ಳೆಂದು ಸಾಕ್ಷಿ ಹೇಳಿದವನು ಟೈಟಸ್ ಓಟ್ಸ್! ವ್ಹಿಗ್ಗರಿಗೆ ಡಗ್‌ಡೇಲ್ ರಾತ್ರಿ ಬೆಳಗಾಗುವುದರಲ್ಲಿ ಸುಳ್ಳುಗಾರನಾದ. ಟೋರಿಗಳಿಗೆ ಅವನೇ ಸತ್ಯವಂತನಾದ. ಎಂಟು ತಿಂಗಳ ಹಿಂದೆ ತಾವೇನು ಹೇಳಿದ್ದೆವೆಂದು ಎರಡೂ ಕಡೆಯಲ್ಲಿ ನೆನೆದವರು ವಿರಳ. ನ್ಯಾಯದರ್ಶಿಗಳೂ ಹಾಗೆಯೇ. ವ್ಹಿಗ್ಗರ ಬಲವಿದ್ದ ಲಂಡನ್ನಿನ ಮಂಡಳಿ ಮೊಕದ್ದಮೆಯನ್ನೇ ತಳ್ಳಿಹಾಕಿತು. ಅದೇ ಮೊಕದ್ದಮೆಯನ್ನು ಆಕ್ಸ್‌ಫರ್ಡಿಗೆ ಒಯ್ದಾಗ ಅಲ್ಲಿನ ಟೋರಿ ಮಂಡಳಿ ತಪ್ಪಿತಸ್ಥನೆಂದಿತು. ಆಗಸ್ಟ್ 31ರಂದು ಬಡಗಿಯನ್ನು ಗಲ್ಲಿಗೇರಿಸಿದರು. ಸಾಕ್ಷಿ ಒಂದೇ, ಆರೋಪಿ ಒಬ್ಬನೇ. ಊರು ಬದಲಾದಾಗ ಸತ್ಯ ಬದಲಾಯಿತು.

ಓಟ್ಸ್ ಬಹಳ ಜಾಣನೆಂದು ಕೆಲವರು ಬರೆಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮೊದಲ ದಿನವೇ ದೊರೆಯ ಎರಡು ಪ್ರಶ್ನೆಗೆ ಸಿಕ್ಕಿಬಿದ್ದವನು ಅವನು. ಅವನಿಗೆ ಜಾಣತನ ಬೇಕಾಗಿರಲಿಲ್ಲ. ಜನ ಅವನ ಮಾತನ್ನು ತೂಗಿ ನೋಡಿ ನಂಬಿದ್ದಲ್ಲ. ಅದು ಯಾರ ವಿರುದ್ಧ ಇದೆ ಎಂದು ನೋಡಿ ನಂಬಿದರು. ಅದೇ ತಕ್ಕಡಿಯನ್ನು ಟೋರಿಗಳೂ ಹಿಡಿದರು. 1683ರಲ್ಲಿ ದೊರೆಯನ್ನು ಕೊಲ್ಲುವ ‘ರೈ ಹೌಸ್’ ಸಂಚು ಬಯಲಾಯಿತು. ಅದರಲ್ಲಿ ಸ್ವಲ್ಪ ನಿಜವಿತ್ತು. ಆ ಸ್ವಲ್ಪವನ್ನು ಹಿಡಿದುಕೊಂಡು ವ್ಹಿಗ್ ನಾಯಕರನ್ನು ಬೇಟೆಯಾಡಿದರು. ಜೇಮ್ಸ್‌ನನ್ನು ಹೊರಗಿಡುವ ಮಸೂದೆಯನ್ನು ಮೇಲ್ಮನೆಗೆ ಒಯ್ದಿದ್ದ ರಸೆಲ್‌ನ ತಲೆ ಹೋಯಿತು. ಆಲ್ಜರ್ನನ್ ಸಿಡ್ನಿಯ ಮೊಕದ್ದಮೆಗೆ ಎರಡನೇ ಸಾಕ್ಷಿ ಸಿಗದಿದ್ದಾಗ, ಅವನ ಮೇಜಿನಲ್ಲಿದ್ದ ಅಚ್ಚಾಗದ ಹಸ್ತಪ್ರತಿಯನ್ನೇ ಸಾಕ್ಷಿಯೆಂದು ಎಣಿಸಿ ಕೊಂದರು.

ಪೋಪರ ಪಿತೂರಿಯ ಹೆಸರಿನಲ್ಲಿ ಕೊನೆಗೆ ಬಲಿಯಾದವರು ಐರ್ಲೆಂಡಿನ ಆರ್ಚ್‌ಬಿಷಪ್ ಆಲಿವರ್ ಪ್ಲಂಕೆಟ್. ಅವರ ವಿಚಾರಣೆ ಮೊದಲು ಐರ್ಲೆಂಡಿನಲ್ಲೇ ನಡೆಯಬೇಕಿತ್ತು. ಅವರನ್ನು ಬಲ್ಲ ಊರಿನಲ್ಲಿ ಬಂದು ನಿಂತು ಸಾಕ್ಷಿ ಹೇಳಲು ಆರೋಪ ಮಾಡಿದವರಿಗೇ ಧೈರ್ಯವಾಗಲಿಲ್ಲ. ಆದ್ದರಿಂದ ಅವರನ್ನು ಯಾರೂ ಅರಿಯದ ಲಂಡನ್ನಿಗೆ ತಂದು, 1681ರ ಜುಲೈ 1ರಂದು ಕೊಂದರು. 1975ರಲ್ಲಿ ಕ್ಯಾಥೊಲಿಕ್ ಚರ್ಚು ಅವರನ್ನು ಸಂತರೆಂದು ಸಾರಿತು.

ಅದೇ 1681ರಲ್ಲಿ, ಲಂಡನ್ ಬೆಂಕಿಯ ನೆನಪಿಗೆ ಕಟ್ಟಿದ ಎತ್ತರದ ಸ್ತಂಭದ ಮೇಲೆ, ಊರು ಸುಟ್ಟವರು ಕ್ಯಾಥೊಲಿಕರು ಎಂಬರ್ಥದ ಸಾಲನ್ನು ಹೊಸದಾಗಿ ಕೆತ್ತಿಸಿದರು. ಜೇಮ್ಸ್ ಪಟ್ಟಕ್ಕೆ ಬಂದಾಗ ಅದನ್ನು ಅಳಿಸಿದರು. ಅವನು ಓಡಿಹೋದ ಮೇಲೆ ಮತ್ತೆ ಕೆತ್ತಿದರು. ಕೊನೆಗೆ ಉಳಿಯಿಂದ ಪೂರ್ತಿ ಕೆರೆದು ತೆಗೆದದ್ದು 1830ರ ಸುಮಾರಿಗೆ. ಕ್ಯಾಥೊಲಿಕರು ಮತ್ತೆ ಪಾರ್ಲಿಮೆಂಟಿನಲ್ಲಿ ಕೂರುವ ಹಕ್ಕು ಪಡೆದದ್ದು 1829ರಲ್ಲಿ.

ಓಟ್ಸ್ ಏನಾದ ಎಂದು ನೀವು ಕೇಳಬಹುದು. 1685ರಲ್ಲಿ ಸುಳ್ಳುಸಾಕ್ಷಿಯ ಅಪರಾಧ ಸಾಬೀತಾಗಿ ಲಂಡನ್ನಿನ ಬೀದಿಗಳಲ್ಲಿ ಛಡಿಯೇಟು ತಿಂದ, ಜೀವಾವಧಿ ಜೈಲಿಗೆ ಹೋದ. ನಾಲ್ಕೇ ವರ್ಷದಲ್ಲಿ ಸರ್ಕಾರ ಬದಲಾಯಿತು. ಹೊರಬಂದ, ಮತ್ತೆ ಪಿಂಚಣಿಯನ್ನೂ ಪಡೆದ. 1705ರ ಜುಲೈಯಲ್ಲಿ ತೀರಿಕೊಂಡ. ಬೊಂಬಾಯಿಯನ್ನು ವರದಕ್ಷಿಣೆಯಾಗಿ ತಂದ ರಾಣಿ ಕ್ಯಾಥರೀನ್, ಗಂಡ ಸತ್ತ ಕೆಲವು ವರ್ಷಗಳ ಮೇಲೆ, 1692ರಲ್ಲಿ ಇಂಗ್ಲೆಂಡ್ ಬಿಟ್ಟು ತವರಿಗೆ ಹೋದಳು. ಅಲ್ಲಿ ಕಾಯಿಲೆ ಬಿದ್ದ ತಮ್ಮನ ಪರವಾಗಿ ಕೆಲಕಾಲ ಪೋರ್ಚುಗಲ್ಲಿನ ರಾಜ್ಯಭಾರವನ್ನೂ ನಡೆಸಿದಳು. ಆಕೆ ಸತ್ತದ್ದೂ ಅದೇ 1705ರಲ್ಲಿ, ವರ್ಷದ ಕೊನೆಯ ದಿನ.